ಪ್ರಾಣದಾನವೂ ನ್ಯಾಯದಾನವೂ

ಮಹಾಭಾರತದ ಆದಿಪರ್ವದಲ್ಲಿ ಬರುವ ಅಣಿಮಾಂಡವ್ಯನ ಉಪಾಖ್ಯಾನವನ್ನು ನಮ್ಮಲ್ಲಿ ಅನೇಕರು ಹಿರಿಯರ ಬಾಯಿಂದ ಕೇಳಿರುವೆವು. ಕಳ್ಳರು ತಾವು ಕದ್ದ ಒಡವೆಯನ್ನು ಮುನಿಯ ಆಶ್ರಮದಲ್ಲಿ ಬಚ್ಚಿಟ್ಟರು. ಮೌನವ್ರತದಲ್ಲಿದ್ದ ಮುನಿಯು ಕಾವಲುಗಾರರಿಗೆ ಉತ್ತರವೀಯಲಿಲ್ಲ. ಅರಸನು ಅವನನ್ನು ಶೂಲಕ್ಕೇರಿಸಿದನು. ತಪ್ಪು ತಿಳಿದ ಮೇಲೆ ಅರಸನು ಮುನಿಯ ಕಾಲಿಗೆರಗಿ ಕ್ಷಮೆ ಬೇಡಿದನು. ಆದರೆ ಶೂಲವು ಮೈಯಿಂದ ಕಿತ್ತು ಬಾರದಾಯಿತು. ಹೊರಗಿನ ಭಾಗವನ್ನು ಕತ್ತರಿಸಿದರು. ಮೊನೆಯು ಒಳಗೆಯೇ ಉಳಿಯಿತು. ದಕ್ಷಿಣ ಕೊರಿಯಾದ ವಿರೋಧಪಕ್ಷದ ಮುಂದಾಳು ಕಿಮ್ ಡೇ ಜುಂಗರ ಮೇಲೆ 1980ರಲ್ಲಿ ನಡೆದ ವಿಚಾರಣೆಯ ಇತಿಹಾಸವನ್ನು ಓದುವಾಗಲೆಲ್ಲ ನಮಗೆ ಈ ಕಥೆಯು ಸ್ಮರಣೆಗೆ ಬರುತ್ತದೆ.

ಕಿಮ್ ಅವರು 1971ರ ಅಧ್ಯಕ್ಷ ಚುನಾವಣೆಯಲ್ಲಿ ಸೇನಾನಿ ಪಾರ್ಕ್ ಚುಂಗ್ ಹೀ ಅವರಿಗೆ ಎದುರಾಗಿ ನಿಂತು ನೂರಕ್ಕೆ 45ರಷ್ಟು ಮತಗಳನ್ನು ಪಡೆದರು. ಸೋತರೂ ಆಳುವವರ ನಿದ್ರೆಯನ್ನು ಕೆಡಿಸಿದರು. 1973ರ ಆಗಸ್ಟಿನಲ್ಲಿ ಕೊರಿಯಾದ ಗೂಢಚಾರರು ಅವರನ್ನು ಟೋಕಿಯೋ ನಗರದ ಒಂದು ಹೋಟಲಿನಿಂದ ಅಪಹರಿಸಿ, ಐದು ದಿನಗಳ ತರುವಾಯ ಸಿಯೋಲಿನಲ್ಲಿ ಅವರ ಮನೆಯ ಬಳಿ ಬಿಟ್ಟುಹೋದರು. 1979ರ ಅಕ್ಟೋಬರಿನಲ್ಲಿ ಪಾರ್ಕರ ಕೊಲೆಯಾಯಿತು. ಡಿಸೆಂಬರಿನಲ್ಲಿ ಸೇನಾನಿ ಚುನ್ ಡೂ ಹ್ವಾನ್ ಸೈನ್ಯವನ್ನು ಕೈವಶ ಮಾಡಿಕೊಂಡರು. 1980ರ ಮೇ 17ರಂದು ಸೈನಿಕ ಶಾಸನವು ದೇಶಕ್ಕೆಲ್ಲ ವಿಸ್ತರಿಸಲ್ಪಟ್ಟು, ಕಿಮ್ ಅವರು ಸೆರೆಯಾದರು.

ಅದರ ಮರುದಿನವೇ ಗ್ವಾಂಗ್ಜು ನಗರದಲ್ಲಿ ಜನರು ಸೈನ್ಯದ ವಿರುದ್ಧ ಎದ್ದರು. ಹತ್ತು ದಿನಗಳೊಳಗೆ ಆ ಪ್ರತಿಭಟನೆಯನ್ನು ರಕ್ತಪಾತದಿಂದ ಅಡಗಿಸಲಾಯಿತು. ಅದನ್ನು ಹೂಡಿದವರು ಕಿಮ್ ಅವರೇ ಎಂದು ಆಪಾದನೆ ಬಂದಿತು. ಹಿಂದಿನ ದಿನವೇ ಬಂಧಿತನಾದವನು ಮರುದಿನದ ದಂಗೆಯನ್ನು ನಡೆಸಿದುದು ಹೇಗೆಂದು ಕೇಳಬೇಕಾದುದು ನ್ಯಾಯಸ್ಥಾನದ ಧರ್ಮ. ಆದರೆ ವಿಚಾರಣೆ ನಡೆದದ್ದು ಸೈನಿಕ ನ್ಯಾಯಸ್ಥಾನದಲ್ಲಿ. ಆಗಸ್ಟ್ 14ರಂದು ಇತರ 23 ಮಂದಿಯೊಡನೆ ಕಿಮ್ ಅವರನ್ನು ಕಟಕಟೆಗೆ ತಂದರು. ಸೆಪ್ಟೆಂಬರ್ 17ರಂದು ಮರಣದಂಡನೆಯನ್ನು ವಿಧಿಸಿದರು. ಒಳಸಂಚಿನ ಆಪಾದನೆಯೊಂದಿಗೆ, ಜಪಾನಿನಲ್ಲಿದ್ದ ಕೊರಿಯನ್ನರ ಒಂದು ಸಂಸ್ಥೆಗೆ ಅವರು ನಾಯಕರಾಗಿದ್ದರೆಂಬ ಆಪಾದನೆಯೂ ಸೇರಿತ್ತು. ಮುಂದೊಂದು ದಿನ ಪ್ರಜಾಪ್ರಭುತ್ವವು ಮರಳಿದಾಗ ಯಾರೂ ಸೇಡು ತೀರಿಸಿಕೊಳ್ಳಬಾರದೆಂದು ಕಿಮ್ ಅವರು ತಮ್ಮ ಕಡೆಯ ಹೇಳಿಕೆಯಲ್ಲಿ ಕೇಳಿಕೊಂಡರು.

ಮೇಲಿನ ನ್ಯಾಯಾಧೀಶರೇಕೆ ತಡೆಯಲಿಲ್ಲವೆಂಬ ಪ್ರಶ್ನೆ ಏಳುವುದು ಸಹಜ. ಉತ್ತರಕ್ಕಾಗಿ ನಾವು ಹತ್ತು ವರ್ಷ ಹಿಂದಕ್ಕೆ ಹೋಗಬೇಕು. ಸೈನಿಕರು ಸರ್ಕಾರದಿಂದ ಪರಿಹಾರ ಕೇಳುವ ಹಕ್ಕನ್ನು ಮೊಟಕು ಮಾಡಿದ್ದ ಶಾಸನವೊಂದನ್ನು ಕೊರಿಯಾದ ಶ್ರೇಷ್ಠ ನ್ಯಾಯಸ್ಥಾನವು 1971ರಲ್ಲಿ ಅಸಿಂಧುವೆಂದು ಸಾರಿತು. ಆ ಪಕ್ಷಕ್ಕೆ ಮತವಿತ್ತ ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಒಬ್ಬರಿಗೂ 1973ರಲ್ಲಿ ಮರುನೇಮಕವಾಗಲಿಲ್ಲ. 1975ರಲ್ಲಿ ಅದೇ ನ್ಯಾಯಸ್ಥಾನವು ಎಂಟು ಮಂದಿಯ ಮರಣದಂಡನೆಯನ್ನು ಸ್ಥಿರಪಡಿಸಲು, ಒಂದು ದಿನವೂ ತುಂಬುವ ಮೊದಲೇ ಅವರನ್ನು ಗಲ್ಲಿಗೇರಿಸಿದರು. ಪಾರ್ಕರನ್ನು ಕೊಂದ ಕಿಮ್ ಜೇ ಗ್ಯು ಎಂಬಾತನ ಮೊಕದ್ದಮೆಯಲ್ಲಿ ಭಿನ್ನಮತ ಸೂಚಿಸಿದ ನ್ಯಾಯಾಧೀಶರಲ್ಲಿ ಹಲವರು 1980ರ ಬೇಸಗೆಯಲ್ಲಿ ಪದತ್ಯಾಗ ಮಾಡಬೇಕಾಯಿತು. ನ್ಯಾಯಪೀಠವನ್ನು ಒಡೆಯಬೇಕಾಗಿಲ್ಲ, ಅದರ ಮೇಲೆ ಕುಳಿತವರಿಗೆ ನಾಳೆಯ ಭಯವನ್ನು ಹುಟ್ಟಿಸಿದರೆ ಸಾಕು.

ಒಳಗೆ ಬಾಗಿಲು ಮುಚ್ಚಿದಾಗ ಹೊರಗಿನವರು ಮಾತನಾಡಿದರು. ಕಿಮ್ ಅವರನ್ನು ಗಲ್ಲಿಗೇರಿಸಿದಲ್ಲಿ ಸಹಕಾರವು ಕಷ್ಟವಾದೀತೆಂದು ಜಪಾನಿನ ಪ್ರಧಾನಮಂತ್ರಿ ಸುಜುಕಿ ಅವರು ಕೊರಿಯಾದ ರಾಯಭಾರಿಗೆ ತಿಳಿಸಿದರು. ಅಮೆರಿಕದ ಅಧ್ಯಕ್ಷ ಕಾರ್ಟರರ ಸರ್ಕಾರವೂ ಒತ್ತಾಯ ಮಾಡಿತು. ಆದರೆ ನವೆಂಬರಿನ ಚುನಾವಣೆಯಲ್ಲಿ ಸೋತ ಕಾರ್ಟರರ ಮಾತಿಗೆ ತೂಕ ಕಡಮೆಯಾಗಿತ್ತು. ಆಗ ಅಧಿಕಾರ ವಹಿಸಲಿದ್ದ ರೀಗನ್ನರ ಸಲಹೆಗಾರ ರಿಚರ್ಡ್ ಆಲನ್ ಅವರು ಚುನ್‌ರ ದೂತರೊಡನೆ ಗುಟ್ಟಾಗಿ ಸಂಧಾನ ನಡೆಸಿದರು. ಚುನ್‌ರಿಗೆ ವಾಷಿಂಗ್ಟನ್ನಿನಲ್ಲಿ ಸ್ವಾಗತ ಬೇಕಾಗಿತ್ತು. ಅಮೆರಿಕನ್ನರಿಗೆ ಕಿಮ್ ಅವರ ಪ್ರಾಣ ಬೇಕಾಗಿತ್ತು. 1981ರ ಜನವರಿ 23ರಂದು ಶ್ರೇಷ್ಠ ನ್ಯಾಯಸ್ಥಾನವು ಮರಣದಂಡನೆಯನ್ನು ಎತ್ತಿಹಿಡಿಯಿತು. ಅದೇ ದಿನ ಮಂತ್ರಿಮಂಡಲವು ಅದನ್ನು ಯಾವಜ್ಜೀವ ಕಾರಾಗೃಹವಾಸಕ್ಕೆ ಇಳಿಸಿತು. ಫೆಬ್ರವರಿ 2ರಂದು ರೀಗನ್ನರು ಚುನ್‌ರನ್ನು ಶ್ವೇತಭವನದಲ್ಲಿ ಎದುರುಗೊಂಡರು.

ಈ ಸಂಧಾನವನ್ನು ನಾವು ಹಳಿಯಲಾರೆವು. ಒಂದು ಜೀವವು ಉಳಿಯಿತು. ಆದರೆ ಅದರ ಬೆಲೆಯನ್ನೂ ಮರೆಯಲಾಗದು. ಗ್ವಾಂಗ್ಜುವಿನ ನೆತ್ತರು ಆರುವ ಮೊದಲೇ ಅದಕ್ಕೆ ಹೊಣೆಯಾದವರಿಗೆ ಮಹಾರಾಷ್ಟ್ರವೊಂದರ ಗೌರವ ದೊರೆಯಿತು. ಇನ್ನೂ ಒಂದು ಸೂಕ್ಷ್ಮವುಂಟು. ಸ್ವತಂತ್ರವಾದ ನ್ಯಾಯಸ್ಥಾನವಿರುವ ದೇಶದಲ್ಲಿ ಪರರಾಷ್ಟ್ರದ ರಾಯಭಾರಿಯು ತೀರ್ಪಿನ ವಿಚಾರದಲ್ಲಿ ಬಾಯಿ ಹಾಕಿದರೆ ಅದು ಅನುಚಿತ. ಆತನು ಆಳುವವರ ಬಳಿ ಹೋಗಿ ಬೇಡಬೇಕಾಗುವುದು, ತೀರ್ಪು ಆಳುವವರ ಜೇಬಿನಲ್ಲಿರುವಾಗ. ಪೀಠದ ಮೇಲಿನ ನಿರ್ಣಯವು ಹೀಗೆ ಸಂಧಾನದ ಸರಕಾಗುತ್ತದೆ. ಇತರ ಬಂದಿಗಳ ಹೆಸರನ್ನು ಕೇಳುವವರಾರು? 1975ರ ಎಂಟು ಮಂದಿಗೆ ಅಂತಹ ಭಾಗ್ಯವೊದಗಲಿಲ್ಲ. 2007ರಲ್ಲಿ ಅವರು ನಿರ್ದೋಷಿಗಳೆಂದು ನ್ಯಾಯಸ್ಥಾನವೇ ಹೇಳಿತು. ಕೇಳಲು ಅವರು ಬದುಕಿರಲಿಲ್ಲ.

ಕಿಮ್ ಅವರನ್ನು 1982ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಕಳುಹಿಸಲಾಯಿತು. 1985ರಲ್ಲಿ ಅವರು ಮರಳಿ ಬಂದರು. ಕಾಲಚಕ್ರವು ತಿರುಗಿ, 1996ರಲ್ಲಿ ಚುನ್‌ರೇ ಕಟಕಟೆಯಲ್ಲಿ ನಿಂತು ಮರಣದಂಡನೆಗೆ ಗುರಿಯಾದರು. ಅಪೀಲಿನಲ್ಲಿ ಅದು ಯಾವಜ್ಜೀವ ಶಿಕ್ಷೆಯಾಯಿತು. 1997ರ ಡಿಸೆಂಬರಿನಲ್ಲಿ ಕಿಮ್ ಅವರು ಅಧ್ಯಕ್ಷರಾಗಿ ಚುನಾಯಿತರಾದ ಕೆಲವೇ ದಿನಗಳೊಳಗೆ, ಅವರ ಸಮ್ಮತಿಯಿಂದಲೇ, ಚುನ್‌ರಿಗೆ ಕ್ಷಮಾದಾನವಾಯಿತು. ಕಟಕಟೆಯಲ್ಲಿ ಆಡಿದ ಮಾತನ್ನು ಕಿಮ್ ಅವರು ಅಧಿಕಾರದ ಹೊಸ್ತಿಲಲ್ಲಿ ನಡೆಸಿಕೊಟ್ಟರು. ಅವರ ಆಳ್ವಿಕೆಯಲ್ಲಿ ಕೊರಿಯಾದಲ್ಲಿ ಯಾರನ್ನೂ ಗಲ್ಲಿಗೇರಿಸಲಿಲ್ಲ. 2000ದಲ್ಲಿ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕವೂ ದೊರೆಯಿತು.

ಇಷ್ಟೆಲ್ಲ ಆದರೂ ಶೂಲದ ಮೊನೆ ಒಳಗೇ ಇದ್ದಿತು. ಹೊರನಾಡಿನ ಕರುಣೆ, ಪ್ರಜೆಗಳ ಮತ, ಜಗತ್ತಿನ ಮನ್ನಣೆ ಇವಾವುದೂ 1980ರ ತೀರ್ಪನ್ನು ಅಳಿಸಲಾರದಾದುವು. ಅಧ್ಯಕ್ಷಪದವಿಯಿಂದಿಳಿದ ಮೇಲೆ ಅವರು ಪುನರ್ವಿಚಾರಣೆಯನ್ನು ಬೇಡಿದರು. 2004ರ ಜನವರಿಯಲ್ಲಿ ಸಿಯೋಲಿನ ಉಚ್ಚ ನ್ಯಾಯಸ್ಥಾನವು, ರಾಜ್ಯಾಂಗವನ್ನು ಮುರಿದವರನ್ನು ಎದುರಿಸಿದುದು ಅಪರಾಧವಲ್ಲವೆಂದು ಅವರನ್ನು ನಿರ್ದೋಷಿಯೆಂದು ಸಾರಿತು. ಅಧ್ಯಕ್ಷರಾಗಿ ಒಂದು ರುಜುವಿನಿಂದ ಪಡೆಯಲಾಗದುದನ್ನು ಅವರು ಸಾಮಾನ್ಯ ಪ್ರಜೆಯಾಗಿ, ಯಾರಿಗೂ ಅಂಜಬೇಕಾಗಿಲ್ಲದ ನ್ಯಾಯಾಧೀಶರ ಮುಂದೆ ನಿಂತು ಪಡೆದರು. ಅರಸನು ಶೂಲವನ್ನು ಕತ್ತರಿಸಬಲ್ಲನು. ಮೊನೆಯನ್ನು ತೆಗೆಯುವ ಕೈ ಬೇರೆ. ಆ ಕೈಯನ್ನು ಸ್ವತಂತ್ರವಾಗಿ ಉಳಿಸಿಕೊಳ್ಳುವುದು ಪ್ರಜೆಗಳಾದ ನಮ್ಮೆಲ್ಲರ ಹೊಣೆ.