ಹಲ್ಲುಪುಡಿ, ರೇಷ್ಮೆ, ರಸಬಾಳೆ: ಮೂರು ಸರಕು, ಮೂರು ದಾರಿ

ನಂಜನಗೂಡು ಅಂದ ಕೂಡಲೇ ಏನು ನೆನಪಾಗುತ್ತೆ ಅಂತ ಕೇಳಿ ನೋಡಿ. ಮೊದಲು ನಂಜುಂಡೇಶ್ವರ, ಅದರ ಹಿಂದೆಯೇ ಹಲ್ಲುಪುಡಿ ಮತ್ತು ರಸಬಾಳೆ. ಟಿ. ನರಸೀಪುರ ಅಂದರೆ ಕಾವೇರಿ-ಕಪಿಲೆಯರ ಸಂಗಮ, ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ. ಮೈಸೂರು ಸಿಲ್ಕ್ ಸೀರೆಯ ನೂಲು ಹುಟ್ಟುವುದೂ ಇದೇ ನರಸೀಪುರದಲ್ಲಿ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಮಾರ್ಕೆಟಿಂಗ್ ಓದಿದವರಿಗೆ ನಾಲ್ಕು 'ಪಿ'ಗಳು ಬಾಯಿಪಾಠ: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರೊಮೋಷನ್. 1960ರಲ್ಲಿ ಜೆರೋಮ್ ಮೆಕಾರ್ಥಿ ಎಂಬ ಅಮೆರಿಕದ ಪ್ರಾಧ್ಯಾಪಕ ಕೊಟ್ಟ ಸೂತ್ರ ಇದು. ಇವುಗಳಲ್ಲಿ ಎಲ್ಲರೂ ಬೇಗ ಬೇಗ ಓದಿ ಮುಗಿಸುವುದು ಪ್ಲೇಸ್ ಅನ್ನು. ಸರಕು ಸಾಗಿಸೋದು, ಕೂಡಿಡೋದು, ಹಂಚೋದು, ಅಂಗಡಿಯಲ್ಲಿ ಮಾರೋದು ಎಲ್ಲಾ ಅದರೊಳಗೇ ಬರುತ್ತೆ. ಆದರೆ ಈ ಎರಡು ಊರುಗಳ ಚರಿತ್ರೆ ನೋಡಿದರೆ, ಒಂದು ಸರಕು ಬದುಕುತ್ತೋ ಸಾಯುತ್ತೋ ಅನ್ನುವುದು ಬಹಳ ಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತೆ ಅನ್ನಿಸುತ್ತೆ.

ಅಂಗಡಿ ಸಾಲುಗಳು ಬರುವ ಮೊದಲು ನಮ್ಮಲ್ಲಿ ಇದ್ದದ್ದು ಸಂತೆ ಮತ್ತು ಜಾತ್ರೆ. ನಂಜನಗೂಡು ತಾಲ್ಲೂಕಿನ ಸುತ್ತೂರು, ನರಸೀಪುರ ತಾಲ್ಲೂಕಿನ ಮುಡುಕುತೊರೆ, ಈ ಎರಡೂ ಜಾತ್ರೆಗಳು ದೇವರಿಗೆ ಎಷ್ಟು ಹೆಸರಾದವೋ ದನಗಳ ವ್ಯಾಪಾರಕ್ಕೂ ಅಷ್ಟೇ ಹೆಸರಾದವು. ಅಲ್ಲಿ ಸರಕು ಗಿರಾಕಿಯನ್ನು ಹುಡುಕಿಕೊಂಡು ಹೋಗಲ್ಲ, ವರ್ಷಕ್ಕೊಮ್ಮೆ ಇಬ್ಬರೂ ಒಂದೇ ಬಯಲಿಗೆ ಬರುತ್ತಾರೆ. ಎತ್ತು ತನ್ನ ಕಾಲ ಮೇಲೆ ತಾನೇ ನಡೆದು ಬರುವುದರಿಂದ ಸಾಗಣೆಯ ಖರ್ಚೂ ಕಡಿಮೆ!

ಆಮೇಲೆ ದಾರಿಗಳು ಬಂದವು. ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿರುವ ಕಲ್ಲಿನ ಸೇತುವೆಯನ್ನು ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದರು ಎನ್ನುತ್ತಾರೆ. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ರೈಲು ಬಂತು. ಗಾಡಿಗಳು ಓಡಾಡುತ್ತಿದ್ದ ಆ ಸೇತುವೆಯ ಮೇಲೇ ರೈಲೂ ಓಡಿತು. 1926ರಲ್ಲಿ ಹಳಿ ಚಾಮರಾಜನಗರದವರೆಗೆ ಮುಂದುವರಿಯಿತು. ನರಸೀಪುರಕ್ಕೆ ಮಾತ್ರ ರೈಲು ಇವತ್ತಿಗೂ ಬಂದಿಲ್ಲ. ಎರಡೂ ಊರು ಕಪಿಲೆಯ ದಡದಲ್ಲೇ ಇದ್ದರೂ ಒಂದಕ್ಕೆ ಹಳಿ ಸಿಕ್ಕಿತು, ಇನ್ನೊಂದು ರಸ್ತೆಯನ್ನೇ ನಂಬಿಕೊಂಡಿತು.

ಈಗ ಮೊದಲನೇ ಸರಕಿಗೆ ಬರೋಣ. ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಆರಂಭಿಸಿದ್ದು 1913ರಲ್ಲಿ, ರೈಲು ಬಂದು ಇಪ್ಪತ್ತೆರಡು ವರ್ಷದ ಮೇಲೆ. ಅಲ್ಲಿಯ ಹಲ್ಲುಪುಡಿ ಕರ್ನಾಟಕದ ಮನೆಮನೆಯ ಬಚ್ಚಲಿಗೆ ಹೋಯಿತು. ಪುಡಿಯ ಗುಣ ಒಂದು ಕಾರಣ ಇರಬಹುದು. ಆದರೆ ವ್ಯಾಪಾರಿಯ ಕಣ್ಣಿನಿಂದ ನೋಡಿ: ಒಣಗಿದ ಸರಕು, ಹಗುರ, ಕೊಳೆಯಲ್ಲ, ಚಿಕ್ಕ ಪೊಟ್ಟಣ, ಕಡಿಮೆ ಬೆಲೆ. ಶೆಟ್ಟರ ಅಂಗಡಿಯ ಅಟ್ಟದ ಮೇಲೆ ಆರು ತಿಂಗಳು ಇಟ್ಟರೂ ಯಾರಿಗೂ ನಷ್ಟ ಇಲ್ಲ. ಇಂಥ ಸರಕು ಎಷ್ಟು ಕೈ ಬದಲಾಯಿಸಿದರೂ ತಡೆದುಕೊಳ್ಳುತ್ತೆ. ತಯಾರಕ, ಏಜೆಂಟ್, ಸಗಟು ವ್ಯಾಪಾರಿ, ಕಿರಾಣಿ ಅಂಗಡಿ ಎಂಬ ಉದ್ದನೆಯ ಸರಪಳಿಗೆ ಹೇಳಿ ಮಾಡಿಸಿದ್ದು. ಜತೆಗೆ ನಂಜನಗೂಡಿಗೆ ಬರುವ ಭಕ್ತರು ವಾಪಸ್ ಹೋಗುವಾಗ ಚೀಲದಲ್ಲಿ ನಾಲ್ಕು ಪೊಟ್ಟಣ ಹಾಕಿಕೊಂಡು ಹೋಗಿದ್ದರೆ, ಅವರೂ ಸಂಬಳವಿಲ್ಲದ ವಿತರಕರೇ ಆದರು ಅಂತ ನನ್ನ ಊಹೆ.

ಎರಡನೆಯದು ರೇಷ್ಮೆ. ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಮೊದಲ ಗಿರಾಕಿ ಅರಮನೆ ಮತ್ತು ಅದರ ಸೈನ್ಯ. ಅಂದರೆ ಮಾರಾಟದ ದಾರಿ ಎಷ್ಟು ಚಿಕ್ಕದು ನೋಡಿ.. ನೇಯ್ದವರೂ ಅರಮನೆಯವರೇ, ಉಟ್ಟವರೂ ಅರಮನೆಯವರೇ. ಸ್ವಾತಂತ್ರ್ಯದ ನಂತರ ಕಾರ್ಖಾನೆ ಸರ್ಕಾರದ ರೇಷ್ಮೆ ಇಲಾಖೆಗೆ ಬಂತು, 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಹೋಯಿತು. ಆ ಮಗ್ಗಗಳಿಗೆ ನೂಲು ಒದಗಿಸುವುದು ಟಿ. ನರಸೀಪುರದ ಫಿಲೇಚರ್.

ಇಲ್ಲಿ ಒಂದು ಸೂಕ್ಷ್ಮ ಇದೆ. ರೇಷ್ಮೆಗೂಡು ಹಲ್ಲುಪುಡಿಯ ಹಾಗೆ ಕಾಯಲ್ಲ. ಒಳಗಿರುವ ಕೋಶ ಸುಮಾರು ಹತ್ತು-ಹನ್ನೆರಡು ದಿನದಲ್ಲಿ ಪತಂಗವಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಸಿಗಲ್ಲ. ಹಾಗಾಗಿ ಬೆಳೆಗಾರನ ಹತ್ತಿರ ಇರುವುದು ಬೆರಳೆಣಿಕೆಯ ದಿನಗಳು, ಚೌಕಾಸಿ ಮಾಡುತ್ತಾ ಕೂರಲು ಆಗಲ್ಲ. ಇದನ್ನು ತಿಳಿದೇ 1959ರಲ್ಲಿ ಆಗಿನ ಮೈಸೂರು ರಾಜ್ಯ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ಉತ್ಪಾದನೆ, ಪೂರೈಕೆ, ವಿತರಣೆ, ಮಾರಾಟವನ್ನು ನಿಯಂತ್ರಿಸುವ ಕಾಯ್ದೆ ತಂದಿತು. ಕಾಯ್ದೆಯ ಹೆಸರೇ ಒಂದು ಮಾರ್ಕೆಟಿಂಗ್ ಪಾಠ! ರಾಮನಗರದಂಥ ಸರ್ಕಾರಿ ಗೂಡಿನ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜು ನಡೆಯುವುದು ಇದಕ್ಕೇ.

ಫಿಲೇಚರ್‌ನಲ್ಲಿ ಗೂಡಿಗೆ ಬಿಸಿ ಕೊಟ್ಟು ಒಣಗಿಸಿ, ಕೋಶವನ್ನು ಕೊಂದು, ನೂಲು ತೆಗೆಯುತ್ತಾರೆ. ಕ್ರೂರ ಅನ್ನಿಸಬಹುದು, ಆದರೆ ಅವಸರದ ಸರಕು ಕಾಯುವ ಸರಕಾಗಿ ಬದಲಾಗುವುದು ಆ ಕ್ಷಣದಲ್ಲೇ. ನೂಲಿಗೆ ಅವಸರ ಇಲ್ಲ. ಮೈಸೂರಿಗೆ ಹೋಗಿ ಸೀರೆಯಾದ ಮೇಲೂ ನಿಗಮ ಅದನ್ನು ಊರೂರ ಅಂಗಡಿಗೆ ಹಂಚುವ ದಾರಿ ಹಿಡಿಯಲಿಲ್ಲ. ತನ್ನ ಮಳಿಗೆಗಳನ್ನೇ ನೆಚ್ಚಿಕೊಂಡಿತು, ಸೀರೆ ಸೀರೆಗೂ ಸಂಖ್ಯೆ ಹಾಕಿತು. ನಡುವೆ ಬೇರೆ ಕೈ ಇಲ್ಲದ್ದರಿಂದ ನಕಲಿಗೆ ಜಾಗ ಕಡಿಮೆ. ಇತ್ತೀಚಿನ ವರ್ಷಗಳಲ್ಲಿ ಮಳಿಗೆ ಬಾಗಿಲು ತೆಗೆಯುವ ಮುಂಚೆಯೇ ಹೆಂಗಸರು ಸಾಲು ನಿಂತದ್ದನ್ನು ನೀವೂ ನೋಡಿರಬಹುದು.

ಮೂರನೆಯದು ರಸಬಾಳೆ. ಇದರ ಕಥೆಯೇ ಬೇರೆ. ನಂಜನಗೂಡು ತಾಲ್ಲೂಕಿನ ದೇವರಸನಹಳ್ಳಿ ಸುತ್ತಮುತ್ತಲ ಮಣ್ಣಿನ ರುಚಿ ಅದು. ಆದರೆ ಬಾಳೆಹಣ್ಣು ಕಾಯುವ ಸರಕಲ್ಲ. ಗೂಡಿಗೆ ಫಿಲೇಚರ್ ಇದ್ದಂತೆ ಅದಕ್ಕೆ ಯಾರೂ ಇರಲಿಲ್ಲ. ಅದರ ಮೇಲೆ ಪನಾಮ ಸೊರಗು ರೋಗ ಬಂತು. ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುವ ಈ ಶಿಲೀಂಧ್ರ ರೋಗ ಹಿಡಿದ ಕಂದುಗಳ ಮೂಲಕವೂ ಹರಡುತ್ತೆ. ಅಂದರೆ ಕಂದು ಹಂಚಿಕೊಳ್ಳುವ ದಾರಿಯೇ ರೋಗದ ದಾರಿಯೂ ಆಗಬಲ್ಲದು. ತೋಟಗಳು ಕುಗ್ಗುತ್ತಾ ಬಂದವು.

ಇದೇ ರೋಗ ಲ್ಯಾಟಿನ್ ಅಮೆರಿಕದಲ್ಲಿ ಗ್ರೋ ಮಿಷೆಲ್ ಎಂಬ ತಳಿಯನ್ನು ನುಂಗಿತು. 1950-60ರ ದಶಕಗಳಲ್ಲಿ ಅಲ್ಲಿಯ ದೊಡ್ಡ ಕಂಪನಿಗಳು ಕ್ಯಾವೆಂಡಿಶ್ ತಳಿಗೆ ಬದಲಾದವು. ಅದರ ಸಿಪ್ಪೆ ಬೇಗ ಜಜ್ಜಿಹೋಗುತ್ತೆ. ಗೊನೆಯನ್ನೇ ಹಡಗಿಗೆ ಏರಿಸುತ್ತಿದ್ದವರು ಹಣ್ಣನ್ನು ಚಿಪ್ಪು ಬಿಡಿಸಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಬೇಕಾಯಿತು. ತಳಿ ಬದಲಾದಾಗ ಸಾಗಣೆಯ ಏರ್ಪಾಡೇ ಬದಲಾಯಿತು. ಅವರ ಹತ್ತಿರ ಹಣವಿತ್ತು, ಹಡಗಿತ್ತು. ದೇವರಸನಹಳ್ಳಿಯ ರೈತನ ಹತ್ತಿರ ಏನಿತ್ತು?

ತೋಟ ಕಮ್ಮಿಯಾದರೂ ಹೆಸರು ಮಾತ್ರ ಕಮ್ಮಿಯಾಗಲಿಲ್ಲ. ಹಣ್ಣಿಗಿಂತ ಅದರ ಹೆಸರೇ ದೂರ ಹೋಗಿತ್ತು. ಹಣ್ಣು ಇಲ್ಲದ ಕಡೆ ಹೆಸರೊಂದೇ ಇದ್ದರೆ ಬೇರೆ ಬಾಳೆ ಬಂದು ಆ ಹೆಸರಲ್ಲಿ ಕೂರುತ್ತೆ. 2000ದ ದಶಕದ ಮಧ್ಯದಲ್ಲಿ ನಂಜನಗೂಡು ಬಾಳೆಗೂ ಮೈಸೂರು ಸಿಲ್ಕಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಒಂದೇ ಬಗೆಯ ಕಾಗದ ಎರಡಕ್ಕೂ. ಸಿಲ್ಕಿನ ಹಿಂದೆ ಹರಾಜು ಕಟ್ಟೆ, ಫಿಲೇಚರ್, ಮಗ್ಗ, ಮಳಿಗೆ ಎಲ್ಲ ಇದ್ದವು, ಬಾಳೆಯ ಹಿಂದೆ ಕಾಗದವೊಂದೇ. ಹೆಸರನ್ನು ಕಾನೂನು ಕಾಯಬಹುದು, ಹಣ್ಣನ್ನು ಕಾಯಬೇಕಾದ್ದು ದಾರಿ.

ಹಾಗಂತ ದಾರಿ ಇಲ್ಲವೇ ಇಲ್ಲ ಅಂತಲ್ಲ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಮುಂದೆ ಹಾಪ್‌ಕಾಮ್ಸ್ ಆಗಿ ತೋಟವನ್ನು ನೇರ ಬೀದಿಯ ಮಳಿಗೆಗೆ ಸೇರಿಸಿತು. ರಸಬಾಳೆಗೂ ಬೇಕಾದ್ದು ಇಂಥ ಗಿಡ್ಡ ದಾರಿಯೇ. ರೋಗವಿಲ್ಲದ ಅಂಗಾಂಶ ಕೃಷಿಯ ಗಿಡ, ಊರಲ್ಲೇ ಹಣ್ಣು ಮಾಡುವ ಕೋಣೆ, ಮೈಸೂರಿನಲ್ಲಿ ಇದು ನಿಜವಾದದ್ದು ಅಂತ ನಂಬಿ ಕೊಳ್ಳಬಹುದಾದ ನಾಲ್ಕು ಅಂಗಡಿ. ದೂರ ಹೋಗಬೇಕಿಲ್ಲ, ಇಪ್ಪತ್ತೈದು ಕಿಲೋಮೀಟರ್ ಚೆನ್ನಾಗಿ ಹೋದರೆ ಸಾಕು. ಅಷ್ಟು ದೂರದಲ್ಲಿ ಹಣ್ಣಿಗೆ ಸರಿಯಾದ ಬೆಲೆ ಸಿಕ್ಕರೆ ಗಿಡ ನೆಡುವ ಧೈರ್ಯ ರೈತನಿಗೆ ತಾನಾಗೇ ಬರುತ್ತೆ.

ನಿಮ್ಮ ಊರಿನ ಹೆಸರಲ್ಲಿ ಮಾರಾಟವಾಗುವ ಸರಕು ಯಾವುದು? ಅದು ಇವತ್ತಿಗೂ ನಿಮ್ಮ ಊರಿಂದಲೇ ಹೊರಡುತ್ತಾ, ಅಥವಾ ಹೆಸರು ಮಾತ್ರ ತಿರುಗಾಡುತ್ತಿದೆಯಾ? ಒಮ್ಮೆ ಅದರ ದಾರಿ ಹಿಡಿದು ಹೋಗಿ ನೋಡಿ ಬರೆಯಿರಿ, ಓದೋಣ.