ಕದ್ರಿಯ ಲೋಕೇಶ್ವರ

ಯಶವಂತಪುರದಲ್ಲಿ ರೈಲು ಹತ್ತಿ, ಸಕಲೇಶಪುರದ ಘಟ್ಟವಿಳಿದು ಮಂಗಳೂರು ಸೇರಿದಾಗ ನನ್ನ ಮನಸ್ಸಿನಲ್ಲಿದ್ದುದು ಒಂದೇ ಹಂಬಲ: ಕದ್ರಿಯ ಗುಡ್ಡದಲ್ಲಿ ಬೌದ್ಧರ ಹೆಜ್ಜೆಯ ಗುರುತನ್ನು ಕಾಣಬೇಕು.

ಕೆಳಗೆ ಮಂಜುನಾಥನ ಗುಡಿ. ಅದರ ಹಿಂದೆ ಎತ್ತರದಲ್ಲಿ ಕೆರೆಗಳು. ಇನ್ನೂ ಮೆಟ್ಟಿಲೇರಿದರೆ ನಾಥಪಂಥದ ಜೋಗಿಮಠ. ಬೌದ್ಧರೆಲ್ಲಿ? ಉತ್ತರ ಗುಡಿಯೊಳಗೇ ಇತ್ತು. ಪದ್ಮಾಸನದಲ್ಲಿ ಕುಳಿತ, ಸುಮಾರು 5 ಅಡಿ ಎತ್ತರದ ಕಂಚಿನ ಮೂರ್ತಿ. ಮೂರು ಮುಖ, ಆರು ಕೈ. ಕಿರೀಟದಲ್ಲಿ ಧ್ಯಾನಸ್ಥ ಬುದ್ಧನ ಪುಟ್ಟ ಬಿಂಬ. ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮನು ಕದಿರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ಪೀಠದ ಶಾಸನ ಹೇಳುತ್ತದೆ.

‘ವಿಹಾರ’ವೆಂಬ ಮಾತಿಗೆ ನಾನು ಹಿಗ್ಗಿದೆ. ಆದರೆ ಅದೇ ಶಾಸನ ಆ ಅರಸನನ್ನು ಶಿವಭಕ್ತನೆಂದೂ ಬಣ್ಣಿಸುತ್ತದೆ! ಗೋವಿಂದ ಪೈಗಳು ಇಲ್ಲಿ ಬೌದ್ಧಮೂಲವನ್ನು ಕಂಡರು; ಬೇರೆ ಕೆಲವರು ನಾಥಶೈವರ ಪರಂಪರೆಯನ್ನು ಕಂಡರು. ಆ ಚರ್ಚೆ ವಿದ್ವಾಂಸರಿಗಿರಲಿ. ಬೌದ್ಧವೋ ಶೈವವೋ ಎಂಬ ನನ್ನ ಪ್ರಶ್ನೆಯನ್ನು ಕುಂದವರ್ಮನ ಮುಂದಿಟ್ಟಿದ್ದರೆ ಅವನಿಗದು ಅರ್ಥವಾಗುತ್ತಿತ್ತೇ? ಶಿವನಿಗೆ ಬಾಗಿದ ತಲೆಯನ್ನೇ ಅವನು ವಿಹಾರದ ಹೊಸ್ತಿಲಲ್ಲೂ ಬಾಗಿಸಿದ್ದ.

ಗುರುತು ಹುಡುಕಲು ಗುಡ್ಡವೇರಿದ್ದ ನಾನು, ಸುಮ್ಮನೆ ಕೈಮುಗಿದು ಇಳಿದುಬಂದೆ.