ಲಕೋಟೆಯ ಬೆನ್ನಿಗಂಟಿದ ಸಮುದ್ರ

ಹೈದರಾಬಾದಿಗೂ ಸಮುದ್ರಕ್ಕೂ ಏನ್ರೀ ನಂಟು ಎಂದು ಕೇಳುವವರೊಂದಿಗೆ ನಾನು ವಾದಕ್ಕಿಳಿಯುವುದಿಲ್ಲ. ಹಳೆಯ ಲಕೋಟೆಯೊಂದನ್ನು ಬೋರಲು ಹಾಕಿ ಮುಂದಿಡುತ್ತೇನೆ. ಮುಖದ ಕಡೆ ವಿಕ್ಟೋರಿಯಾ ರಾಣಿಯ ಚೀಟಿ, ವಿಳಾಸ. ಎಲ್ಲರೂ ನೋಡುವುದು ಅದನ್ನೇ. ಬೆನ್ನ ಮೇಲೆ ಸಿಕಂದರಾಬಾದಿನ ಠಸ್ಸೆ, ಅದರ ಮಗ್ಗುಲಲ್ಲಿ ‘ಸೀ ಪೋಸ್ಟ್ ಆಫೀಸ್’ ಎಂಬ ಇನ್ನೊಂದು. ಈ ಎರಡನೆಯದನ್ನು ಒತ್ತಿದ ಜಾಗಕ್ಕೆ ಊರಿನ ಹೆಸರಿಲ್ಲ. ಅದು ಅರಬ್ಬೀ ಸಮುದ್ರದಲ್ಲಿ ಓಡುತ್ತಿದ್ದ ಹಡಗು.

ನಾನು ವಾಡಿಯವನು. ರೈಲ್ವೆ ಅಂಚೆ ಸೇವೆಯಾದ ಆರ್‌ಎಂಎಸ್‌ನಲ್ಲಿ ರಾತ್ರಿ ಗಾಡಿಯ ಡಬ್ಬಿಯೊಳಗೆ ನಿಂತು ಟಪಾಲು ವಿಂಗಡಿಸಿದವನು, ಈಗ ಹೈದರಾಬಾದಿನ ಕಾಚಿಗುಡದಲ್ಲಿದ್ದೇನೆ. ಹಾಗಾಗಿ ಈ ಠಸ್ಸೆ ಒತ್ತಿದವರನ್ನು ನಾನು ನಮ್ಮ ಇಲಾಖೆಯ ಹಿರಿಯರೆಂದೇ ಲೆಕ್ಕ ಹಾಕುತ್ತೇನೆ. 1868ರಲ್ಲಿ ಭಾರತದ ಅಂಚೆ ಇಲಾಖೆ ಟಪಾಲು ವಿಂಗಡಿಸಲು ತನ್ನ ನೌಕರರನ್ನು ಬೊಂಬಾಯಿ ಮತ್ತು ಸೂಯೆಜ್ ನಡುವಿನ ಪಿ ಅಂಡ್ ಓ ಕಂಪನಿಯ ಹಡಗುಗಳಿಗೆ ಹತ್ತಿಸಿತು. ಮುಂದಿನ ವರ್ಷವೇ ಸೂಯೆಜ್ ಕಾಲುವೆ ತೆರೆಯಿತು. ಕ್ರಮೇಣ ಈ ಕೆಲಸ ಬೊಂಬಾಯಿ–ಏಡನ್ ದಾರಿಗಷ್ಟೇ ಉಳಿಯಿತು. 1914ರಲ್ಲಿ ಮಹಾಯುದ್ಧ ಬಂದಾಗ ಅದೂ ನಿಂತಿತು. ಉದ್ದೇಶ ಸರಳ: ವಿಲಾಯತಿಯ ಟಪಾಲನ್ನು ಬೊಂಬಾಯಿಯಲ್ಲಿ ಇಳಿಸಿ ವಿಂಗಡಿಸುತ್ತ ಕೂತರೆ ರೈಲು ತಪ್ಪುತ್ತದೆ. ನೀರಿನ ಮೇಲೇ ಊರೂರಿನ ಚೀಲ ಕಟ್ಟಿಬಿಟ್ಟರೆ ಹಡಗಿನಿಂದ ನೇರ ಗಾಡಿಗೆ.

ಠಸ್ಸೆಯಲ್ಲಿ ತಾರೀಖಿನ ಜೊತೆ ಎ, ಬಿ, ಸಿ ಎಂಬಂಥ ಒಂದು ಅಕ್ಷರವಿರುತ್ತದೆ. ಅದು ಹಡಗಿನ ಗುರುತೆಂದು ಬಹಳ ಜನ ತಿಳಿಯುತ್ತಾರೆ. ಅಲ್ಲ, ಅದು ನೌಕರರ ತಂಡದ ಗುರುತು, ನಮ್ಮ ‘ಸೆಟ್’ ಇದ್ದಂತೆ. ಹಡಗಿನ ಹೆಸರು ಬೇಕಾದರೆ ಬೇರೆ ದಾರಿ ಹಿಡಿಯಬೇಕು. ಏಡನ್, ಬೊಂಬಾಯಿ ಠಸ್ಸೆಗಳ ತಾರೀಖು ಬರೆದುಕೊಂಡು, ಆ ವಾರದ ಪತ್ರಿಕೆಯಲ್ಲಿ ಯಾವ ಹಡಗು ಬಂತು, ಯಾವುದು ಹೋಯಿತು ಎಂಬ ಪಟ್ಟಿ ಹುಡುಕಬೇಕು. ಕಣ್ಣು ಸೋಲುವ ಕೆಲಸ, ಆದರೂ ನನಗೆ ಇದರಷ್ಟು ರುಚಿ ಇನ್ನೊಂದರಲ್ಲಿಲ್ಲ. ಅಸ್ಪಷ್ಟವಾಗಿ, ಎರಡೆರಡಾಗಿ ಬಿದ್ದ ಠಸ್ಸೆಯನ್ನು ವ್ಯಾಪಾರಿಗಳು ‘ಮಾಲು ಖರಾಬ್’ ಎಂದು ಬದಿಗಿಡುತ್ತಾರೆ. ನಾನು ತಾರೀಖು ನೋಡುತ್ತೇನೆ. ಜುಲೈ ಆಗಿದ್ದರೆ, ಆ ಮಳೆಗಾಲದ ಕಡಲಲ್ಲಿ ಕಾಲೂರಿ ನಿಂತು ಒತ್ತಿದವನ ಕೈ ಅದಕ್ಕಿಂತ ನೆಟ್ಟಗೆ ಬೀಳುವುದು ಹೇಗೆ ಎಂದುಕೊಂಡು ಕೊಳ್ಳುತ್ತೇನೆ.

ಬೊಂಬಾಯಿಯಿಂದ ಜಿಐಪಿ ರೈಲಿನಲ್ಲಿ ನಮ್ಮ ವಾಡಿಗೆ, ಅಲ್ಲಿಂದ 1874ರಲ್ಲಿ ತೆರೆದ ನಿಜಾಮರ ರೈಲಿನಲ್ಲಿ ಸಿಕಂದರಾಬಾದಿಗೆ ಚೀಲ ಸಾಗುತ್ತಿತ್ತು. ನಿಜಾಮರಿಗೂ ತಮ್ಮದೇ ಅಂಚೆಯಿತ್ತು, 1869ರಿಂದ ಚೀಟಿಯೂ ಇತ್ತು. ಇಲ್ಲಿನ ನನ್ನ ಗೆಳೆಯರೆಲ್ಲ ಬಿದ್ದಿರುವುದು ಆ ಚೀಟಿಗಳ ಬೆನ್ನಿಗೇ. ಆದರೆ ಅವು ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯುತ್ತಿದ್ದವು. ಕಡಲು ದಾಟುವ ಕಾಗದಕ್ಕೆ ಬ್ರಿಟಿಷ್ ಇಂಡಿಯಾದ ಚೀಟಿಯೇ ಬೇಕು. 1898ರ ಕ್ರಿಸ್‌ಮಸ್‌ವರೆಗೆ ವಿಲಾಯತಿಗೆ ಎರಡೂವರೆ ಆಣೆ, ಆಮೇಲೆ ಒಂದೇ ಆಣೆ.

ಎರಡೂವರೆ ಆಣೆಯ ಆ ಕಾಲದ್ದೇ ಒಂದು ಕಥೆಯಿದೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೈನ್ಯದ ವೈದ್ಯ ರೊನಾಲ್ಡ್ ರಾಸ್, ಸೊಳ್ಳೆಯೊಂದರ ಹೊಟ್ಟೆ ಸೀಳಿ ಅದರಲ್ಲಿ ಮಲೇರಿಯಾದ ಕುರುಹು ಕಂಡ. ಅವನಿಗೆ ದಾರಿ ತೋರುತ್ತಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಇದ್ದದ್ದು ಲಂಡನ್ನಿನಲ್ಲಿ. ಇಬ್ಬರ ನಡುವೆ ಇದ್ದದ್ದು ವಾರಕ್ಕೊಮ್ಮೆ ಹೊರಡುವ ಟಪಾಲು ಹಡಗು. ಇಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿಂದ ಉತ್ತರ ಬರಲು ತಿಂಗಳು ದಾಟುತ್ತಿತ್ತು. ಸೊಳ್ಳೆಯ ಹೊಟ್ಟೆಯ ಗಾಜಿನ ಸ್ಲೈಡುಗಳೂ ಕಡಲು ದಾಟಿ ಹೋದವು. ಮ್ಯಾನ್ಸನ್ ಮತ್ತು ಇನ್ನಿಬ್ಬರು ಅವನ್ನು ನೋಡಿ ಬರೆದ ಟಿಪ್ಪಣಿಗಳ ಸಮೇತ ರಾಸ್‌ನ ಲೇಖನ ಡಿಸೆಂಬರ್ 18ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ರಾಸ್ ಕೆಲಸ ಮಾಡಿದ ಬೇಗಂಪೇಟೆಯ ಕಟ್ಟಡಕ್ಕೆ ಜನ ಹೋಗಿ ಕೈಮುಗಿಯುತ್ತಾರೆ, ಸರಿ. ಟಪಾಲು ಹೊತ್ತವರ ಹೆಸರನ್ನು ಯಾರೂ ಎತ್ತುವುದಿಲ್ಲ.

ಹೈದರಾಬಾದಿನ ಜುಮೆರಾತ್ ಬಜಾರಿನಲ್ಲಿ ಇಂಥ ಲಕೋಟೆ ಸಿಗುವುದು ಅಪರೂಪ. ಕಾರಣ ನಮ್ಮ ಹವ್ಯಾಸವೇ. ತಲೆಮಾರುಗಟ್ಟಲೆ ಹುಡುಗರು, ದೊಡ್ಡವರು, ಲಕೋಟೆಯ ಮೂಲೆ ಕತ್ತರಿಸಿ ನೀರಲ್ಲಿ ನೆನೆಹಾಕಿ ಚೀಟಿ ಬಿಡಿಸಿಕೊಂಡರು. ಇತಿಹಾಸವಿದ್ದ ಬೆನ್ನು ಕಸಕ್ಕೆ ಹೋಯಿತು. ಉಳಿದವುಗಳಲ್ಲಿ ‘ಪಾಕ್‌ಬೋ’ ಠಸ್ಸೆಯವನ್ನೂ ವ್ಯಾಪಾರಿಗಳು ಸಮುದ್ರದ್ದೇ ಎಂದು ಸಾಗಹಾಕುತ್ತಾರೆ. ಅದು ಹಡಗಿನಲ್ಲಿ ಪೋಸ್ಟ್ ಮಾಡಿದ ಕಾಗದಕ್ಕೆ ಬಂದರಿನ ಅಂಚೆಯವರು ನೆಲದ ಮೇಲೆ ಒತ್ತುವ ಗುರುತು. 1897ರ ವಾಷಿಂಗ್ಟನ್ ಅಂಚೆ ಸಮ್ಮೇಳನದ ನಿಯಮ. ಎರಡನ್ನೂ ಒಂದೇ ಪುಟದಲ್ಲಿ ಅಂಟಿಸಿದವರ ಆಲ್ಬಮ್ಮನ್ನು ನಾನು ಮುಂದೆ ತಿರುವುವುದಿಲ್ಲ.

ಇನ್ನೊಂದು ಹಡಗಿನ ವಿಷಯ. 1922ರ ಮೇ 20ರಂದು, ಬೊಂಬಾಯಿಗೆ ಹೊರಟಿದ್ದ ಪಿ ಅಂಡ್ ಓ ಕಂಪನಿಯ ‘ಈಜಿಪ್ಟ್’ ಫ್ರಾನ್ಸಿನ ತೀರದಾಚೆ ದಟ್ಟ ಮಂಜಿನಲ್ಲಿ ‘ಸೇನ್’ ಎಂಬ ಫ್ರೆಂಚ್ ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಹತ್ತು ಲಕ್ಷ ಪೌಂಡಿಗೂ ಮೀರಿದ ಚಿನ್ನಬೆಳ್ಳಿ ಕಡಲ ತಳ ಸೇರಿತು. 1930ರಲ್ಲಿ ‘ಆರ್ತಿಲ್ಯೊ’ ಹಡಗಿನ ಇಟಲಿಯವರು ಅದನ್ನು ಪತ್ತೆ ಮಾಡಿದರು. ಅದೇ ವರ್ಷ ಇನ್ನೊಂದು ಮುಳುಗಿದ ಹಡಗನ್ನು ಸಿಡಿಸುವಾಗ ‘ಆರ್ತಿಲ್ಯೊ’ ತಾನೇ ಸಿಡಿದು ಹೋಯಿತು. ಬದಲಿಗೆ ಬಂದ ಹಡಗು 1932ರಲ್ಲಿ ಚಿನ್ನ ಎತ್ತಿತು. ಚಿನ್ನದ ದಾರಿಯಲ್ಲಿ ಮೊದಲು ಕಂತೆಕಂತೆಯಾಗಿ ಮೇಲೆ ಬಂದದ್ದು ಒದ್ದೆ ನೋಟುಗಳು. ಇಂಗ್ಲೆಂಡಿನಲ್ಲಿ ಅಚ್ಚಾಗಿ ಹೈದರಾಬಾದಿಗೆ ಹೊರಟಿದ್ದ ನಿಜಾಮರ ನೋಟುಗಳು! ಇಂದಿಗೂ ಅವು ಹರಾಜಿಗೆ ಬರುತ್ತವೆ, ಅಂಚು ಸವೆದು, ಬಣ್ಣ ಮಾಸಿ.

ಅಂಥದ್ದೊಂದು ಕೊಳ್ಳಲು ಕೆಲಕಾಲದಿಂದ ಹಣ ಕೂಡಿಸುತ್ತಿದ್ದೇನೆ. ನೋಟಿಗೆ ಠಸ್ಸೆಯ ಆಲ್ಬಮ್ಮಿನಲ್ಲಿ ಏನು ಕೆಲಸ ಎಂದು ಗೆಳೆಯರ ತಕರಾರು. ಟಪಾಲು ಹಡಗು ಹತ್ತಿ, ಹೈದರಾಬಾದಿನ ವಿಳಾಸಕ್ಕೆ ಹೊರಟು, ಬಟವಾಡೆಯಾಗದೆ ಉಳಿದದ್ದು ಅದು. ಮೂವತ್ತು ವರ್ಷ ಟಪಾಲು ವಿಂಗಡಿಸಿದವನಿಗೆ ಅದನ್ನು ಯಾವ ಗೂಡಿಗೆ ಹಾಕಬೇಕೆಂದು ಅವರು ಹೇಳಿಕೊಡಬೇಕಿಲ್ಲ.